ಅಡಿಕೆ ಮಂಡಿಗೆ ಕ್ಯಾಮೆರಾ ಹಾಕಿಸಿದ ಐದು ತಿಂಗಳು

ಕ್ಯಾಮೆರಾದ ದೃಶ್ಯ ಉಳಿಸಿಡುವ ಹಳೆಯ ಡಿವಿಆರ್ ಪೆಟ್ಟಿಗೆಯಲ್ಲಿದ್ದ ಕೊನೆಯ ದೃಶ್ಯ 2024ರ ಅಕ್ಟೋಬರ್ 19ರದ್ದು. ನಾವು ಹುಡುಕುತ್ತಿದ್ದುದು 2025ರ ಫೆಬ್ರುವರಿ 11ರ ರಾತ್ರಿಯನ್ನು.

ಸಾಗರದಲ್ಲಿ ನಮ್ಮದೊಂದು ಅಡಿಕೆ ಮಂಡಿ ಇದೆ. ಅಪ್ಪ ಕಟ್ಟಿದ್ದು, ಅವರು ತೀರಿಕೊಂಡ ಮೇಲೆ ಚಿಕ್ಕಪ್ಪ ಮತ್ತು ನಾನು ನೋಡಿಕೊಳ್ಳುತ್ತಿದ್ದೇವೆ. ಮುಂದೆ ಮಂಡಿ, ಹಿಂದೆ ಗೋದಾಮು, ಅದರಾಚೆ ತೋಟದ ಅಂಚಿನಲ್ಲಿ ಅಡಿಕೆ ಆರಿಸುವ ಶೆಡ್. ಫೆಬ್ರುವರಿ 12ರ ಬೆಳಗ್ಗೆ ದಾಸ್ತಾನು ತಾಳೆ ನೋಡುವಾಗ ‘ರಾಶಿ’ ಬಗೆಯ ಅಡಿಕೆಯ ಮೂರು ಚೀಲ ಕಡಿಮೆ ಬಂದವು. ಮೂರು ಚೀಲವೆಂದರೆ ಎರಡು ಕ್ವಿಂಟಾಲಿಗಿಂತ ತುಸು ಹೆಚ್ಚು. ಆಗಿನ ದರ ಕ್ವಿಂಟಾಲಿಗೆ 50,000 ರೂಪಾಯಿಯ ಆಸುಪಾಸಿನಲ್ಲಿತ್ತು. ಒಂದು ಲಕ್ಷ ರೂಪಾಯಿಯ ಮಾಲು. ಬೀಗ ಒಡೆದಿರಲಿಲ್ಲ.

ಬೀಗ ಒಡೆದಿಲ್ಲವೆಂದರೆ ಏನು ಅರ್ಥ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಗೋದಾಮಿನ ಬೀಗದ ಕೈ ಮೂವರ ಬಳಿ ಇತ್ತು: ಚಿಕ್ಕಪ್ಪ, ನಾನು, ಮತ್ತು ಅಪ್ಪನ ಕಾಲದಿಂದ ಚೀಲ ಹೊರುತ್ತಿರುವ ನಮ್ಮ ಹಿರಿಯ ಹಮಾಲಿ. ಆ ದಿನ ಮಧ್ಯಾಹ್ನ ನಾನು ಅವರ ಬಳಿ ಹೋಗಿ, "ನಿಮ್ಮ ಹತ್ತಿರ ಇರುವ ಬೀಗದ ಕೈ ಸ್ವಲ್ಪ ಕೊಡಿ" ಎಂದೆ. ಅವರು ಸೊಂಟದಿಂದ ಬಿಚ್ಚಿ ನನ್ನ ಕೈಗಿಟ್ಟರು. ಏಕೆಂದು ಕೇಳಲಿಲ್ಲ. ಮರುದಿನದಿಂದ ಮೂರು ದಿನ ಕೆಲಸಕ್ಕೆ ಬರಲಿಲ್ಲ. ನಾಲ್ಕನೆಯ ದಿನ ಚಿಕ್ಕಪ್ಪನೇ ಅವರ ಮನೆಗೆ ಹೋಗಿ ಕರೆದುಕೊಂಡು ಬಂದರು. ಈ ಐದು ತಿಂಗಳ ಓಡಾಟದಲ್ಲಿ ಹಣ, ಸಮಯ, ಬೇಸರ ಎಲ್ಲವೂ ಆಯಿತು. ಆದರೆ ಇಂದಿಗೂ ನಿದ್ದೆಯಲ್ಲಿ ಎಚ್ಚರಿಸುವುದು ಆ ಬೀಗದ ಕೈ ಕೇಳಿದ ಗಳಿಗೆ.

ಠಾಣೆಯಲ್ಲಿ ದೂರು ಬರೆದುಕೊಳ್ಳುವಾಗ ಮೊದಲ ಪ್ರಶ್ನೆಯೇ ಕ್ಯಾಮೆರಾ ಇದೆಯೇ ಎಂಬುದು. ಇದೆ, ನಾಲ್ಕಿವೆ ಎಂದು ಧೈರ್ಯವಾಗಿ ಹೇಳಿ ಬಂದಿದ್ದೆ. ಗಲ್ಲಾದ ಎದುರಿನ ಟಿವಿಯಲ್ಲಿ ನಾಲ್ಕು ಚಿತ್ರಗಳೂ ದಿನವಿಡೀ ಓಡುತ್ತಿದ್ದವಲ್ಲ! ರೆಕಾರ್ಡಿಂಗ್ ತೆರೆಯಲು ಹೋದಾಗ ತಿಳಿಯಿತು, ಒಳಗಿನ ಹಾರ್ಡ್ ಡಿಸ್ಕ್ ನಾಲ್ಕು ತಿಂಗಳ ಹಿಂದೆಯೇ ಕೆಟ್ಟಿತ್ತು. ಟಿವಿಯಲ್ಲಿ ಕಾಣುತ್ತಿದ್ದುದು ಆ ಕ್ಷಣದ ಚಿತ್ರ ಮಾತ್ರ. ಅದು ಎಲ್ಲಿಯೂ ಉಳಿಯುತ್ತಿರಲಿಲ್ಲ. ಡಿಸ್ಕ್ ಕೆಟ್ಟರೆ ಪೆಟ್ಟಿಗೆ ಬೀಪ್ ಎಂದು ಕೂಗುತ್ತದೆ. ನಮ್ಮದೂ ಕೂಗಿತ್ತು. ದೀಪಾವಳಿಯ ಗಡಿಬಿಡಿಯಲ್ಲಿ ಆ ಸದ್ದು ಕಿರಿಕಿರಿಯಾಗುತ್ತಿದೆಯೆಂದು ಯಾರೋ ಅದನ್ನು ಬಂದ್ ಮಾಡಿಸಿದ್ದರು. ಈಗ ಓದುತ್ತಿರುವವರ ಅಂಗಡಿಯಲ್ಲಿ ಕ್ಯಾಮೆರಾ ಇದ್ದರೆ, ಮುಂದಿನ ಸಾಲಿಗೆ ಹೋಗುವ ಮೊದಲು ಎದ್ದು ನಿನ್ನೆ ಸಂಜೆಯ ಐದು ನಿಮಿಷದ ದೃಶ್ಯ ಸಿಗುತ್ತದೆಯೇ ನೋಡಿ ಬನ್ನಿ.

ಎದುರು ಅಂಗಡಿಯವರ ಕ್ಯಾಮೆರಾ ನಮ್ಮ ಗೇಟಿನ ಕಡೆ ಇತ್ತು. ಅವರು ಒಳ್ಳೆಯ ಮನಸ್ಸಿನಿಂದ ತೋರಿಸಿದರು. ರಾತ್ರಿ 2 ಗಂಟೆ 10 ನಿಮಿಷಕ್ಕೆ ಒಂದು ಗೂಡ್ಸ್ ಆಟೋ ನಮ್ಮ ಗೇಟಿನ ಬಳಿ ನಿಧಾನವಾಗಿ, ಮುಂದಕ್ಕೆ ಹೋಗುತ್ತದೆ. ನಂಬರ್ ಪ್ಲೇಟ್ ಇರಬೇಕಾದ ಜಾಗದಲ್ಲಿ ಬಿಳಿಯ ಬೆಳಕಿನ ಮುದ್ದೆ. ಕತ್ತಲಲ್ಲಿ ಕ್ಯಾಮೆರಾ ಹಾಯಿಸುವ ಅತಿಗೆಂಪು ಬೆಳಕು ನಂಬರ್ ಪ್ಲೇಟಿಗೆ ಬಡಿದು ಅಷ್ಟೇ ಜೋರಾಗಿ ಮರಳುತ್ತದೆ. ಅಕ್ಷರಗಳು ಅದರಲ್ಲಿ ಮುಳುಗಿಹೋಗುತ್ತವೆ. ಸಾಲದ್ದಕ್ಕೆ ಅವರ ಪೆಟ್ಟಿಗೆಯ ಗಡಿಯಾರ 47 ನಿಮಿಷ ಹಿಂದಿತ್ತು. ಹಾಗಾದರೆ ಅದು 2.10 ಅಲ್ಲ, 2.57. ಆ ಹೊತ್ತಿಗೆ ತರಕಾರಿ ಸಾಗಿಸುವ ಆಟೋಗಳು ಆ ದಾರಿಯಲ್ಲಿ ಓಡಾಡುತ್ತವೆ. ಏನನ್ನೂ ಖಚಿತವಾಗಿ ಹೇಳಲಾಗಲಿಲ್ಲ.

ಮಾರ್ಚ್ ಮೊದಲ ವಾರ ಹೊಸ ವ್ಯವಸ್ಥೆಗೆ ದರ ಕೇಳಲು ಶುರುಮಾಡಿದೆವು. ಅದಕ್ಕೂ ಮೊದಲು ಹಳೆಯ ಪೆಟ್ಟಿಗೆಯನ್ನೇ ಡಿಸ್ಕ್ ಬದಲಿಸಿ ಬಳಸೋಣ ಎಂದು ಚಿಕ್ಕಪ್ಪ ಹೇಳಿದ್ದರು. ಅದೂ ಆಗಲಿಲ್ಲ. ಅದರ ಮುಖ್ಯ ಪಾಸ್‌ವರ್ಡ್ ಹಾಕಿಕೊಟ್ಟವರ ಬಳಿಯೇ ಉಳಿದಿತ್ತು. ಅವರು ಆ ಕೆಲಸ ಬಿಟ್ಟು ಊರನ್ನೇ ಬಿಟ್ಟಿದ್ದರು. ಮೊಬೈಲಿನಲ್ಲಿ ನೋಡುವ ಆ್ಯಪ್ ಕೂಡ ಅವರದೇ ಫೋನ್ ಸಂಖ್ಯೆಗೆ ನೋಂದಣಿಯಾಗಿತ್ತು. ಅಂದರೆ ಇಷ್ಟು ವರ್ಷ ನಮ್ಮ ಗಲ್ಲಾ, ನಮ್ಮ ಗೋದಾಮು ಬೇರೊಬ್ಬರ ಜೇಬಿನಲ್ಲಿ ತೆರೆದುಕೊಂಡಿತ್ತು. ಅವರು ನೋಡಿದರು ಎಂದು ನಾನು ಹೇಳುತ್ತಿಲ್ಲ. ನೋಡಬಹುದಿತ್ತು ಎಂಬುದೇ ನನಗೆ ಮೈ ಜುಮ್ಮೆನ್ನಿಸಿತು.

ಮೂರು ಕಡೆಯಿಂದ ದರಪಟ್ಟಿ ಬಂತು. ಮೊದಲನೆಯವರು ನಮ್ಮ ಊರಿನವರೇ. ಎರಡು ಮೆಗಾಪಿಕ್ಸೆಲ್‌ನ ಎಂಟು ಕ್ಯಾಮೆರಾ, ಹಳೆಯ ಬಗೆಯ ಕೋಆಕ್ಸಿಯಲ್ ಕೇಬಲ್, ಡಿವಿಆರ್, 1 ಟಿಬಿ (ಸಾವಿರ ಜಿಬಿ) ಡಿಸ್ಕ್, ಕೂಲಿ ಸೇರಿ 29,500 ರೂಪಾಯಿ. ಎರಡನೆಯವರು ಶಿವಮೊಗ್ಗದವರು. ನಾಲ್ಕು ಮೆಗಾಪಿಕ್ಸೆಲ್‌ನ ಹನ್ನೆರಡು ಐಪಿ ಕ್ಯಾಮೆರಾ (ಕಂಪ್ಯೂಟರ್ ಜಾಲದ ಮೂಲಕ ನಡೆಯುವವು), ಎನ್‌ವಿಆರ್ (ಅವುಗಳ ದೃಶ್ಯ ಉಳಿಸುವ ಪೆಟ್ಟಿಗೆ), 4 ಟಿಬಿ ಡಿಸ್ಕ್ ಎಂದು ಒಂದು ಲಕ್ಷದ ಹತ್ತಿರ ಬರೆದುಕೊಟ್ಟರು. ಮೂರನೆಯದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಪರಿಚಯದ ಹುಡುಗನೊಬ್ಬ ಕಳಿಸಿದ್ದು: ವೈಫೈ ಕ್ಯಾಮೆರಾ, ತಲಾ ಮೂರು ಸಾವಿರ, ದೃಶ್ಯ ಕ್ಲೌಡ್‌ನಲ್ಲಿ ಉಳಿಯಲು ತಿಂಗಳ ಬಾಡಿಗೆ ಬೇರೆ. ಮಳೆಗಾಲದಲ್ಲಿ ನಮ್ಮಲ್ಲಿ ಇಂಟರ್ನೆಟ್ ಎರಡೆರಡು ದಿನ ಇರುವುದಿಲ್ಲ. ಮೂರನೆಯದನ್ನು ಅಲ್ಲಿಗೇ ಬಿಟ್ಟೆವು.

ಮೂರರಲ್ಲೂ ಇದ್ದುದು ಎಷ್ಟು ಕ್ಯಾಮೆರಾ, ಎಷ್ಟು ಮೆಗಾಪಿಕ್ಸೆಲ್, ಎಷ್ಟು ಹಣ ಎಂಬ ಲೆಕ್ಕ. ಯಾವ ಕ್ಯಾಮೆರಾ ಏನನ್ನು ಕಾಣಬೇಕು ಎಂದು ಒಬ್ಬರೂ ಕೇಳಿರಲಿಲ್ಲ. ನಮಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಒಂದು ರಾತ್ರಿ ಆವಕ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ನಾನು ಬರೆಯುತ್ತಾ ಕುಳಿತೆ: ಫೆಬ್ರುವರಿ 11ರಂದು ನನಗೆ ಏನು ಗೊತ್ತಾಗಬೇಕಿತ್ತು? ಗೋದಾಮಿನ ಬಾಗಿಲು ಯಾರು ತೆಗೆದರು, ಅವರ ಮುಖ. ಹೊರಗೆ ಹೋದ ಚೀಲಗಳೆಷ್ಟು, ಅವುಗಳ ಮೇಲಿನ ಗುರುತು. ನಿಂತ ವಾಹನದ ಸಂಖ್ಯೆ. ರೈತರು ತಂದ ಚೀಲ ತೂಕಕ್ಕೆ ಬಂದಾಗ ಯಂತ್ರದಲ್ಲಿ ಕಂಡ ಅಂಕಿ. ಗಲ್ಲಾದಲ್ಲಿ ಎಣಿಸಿದ ನೋಟು. ಐದೇ ಪ್ರಶ್ನೆಗಳು. ಅಂಗಳದ ಇಡೀ ನೋಟ ಸಿಗುವ ಕ್ಯಾಮೆರಾ ಇವುಗಳಲ್ಲಿ ಒಂದಕ್ಕೂ ಉತ್ತರ ಕೊಡುತ್ತಿರಲಿಲ್ಲ. ನಮ್ಮ ಹಳೆಯ ನಾಲ್ಕೂ ಅಂತಹವೇ.

ಈ ಹಾಳೆ ಹಿಡಿದುಕೊಂಡು ಶಿವಮೊಗ್ಗದವರಿಗೆ ಫೋನ್ ಮಾಡಿದೆ. ಅವರ ಬಳಿ ಕೆಲಸ ಮಾಡುವ ತಂತ್ರಜ್ಞನೊಬ್ಬ ಬಂದ. ಒಳ್ಳೆಯ ಹುಡುಗ, ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರಿಸಿದ. ಅವನಿಂದ ನಾನು ಕಲಿತ ಲೆಕ್ಕ ಇದು. ಅಪರಿಚಿತನ ಮುಖವನ್ನು ಸಂದೇಹವಿಲ್ಲದೆ ಗುರುತಿಸಬೇಕಾದರೆ ಚಿತ್ರದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಇರಬೇಕೆಂದು ಈ ಕ್ಷೇತ್ರದ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಎರಡು ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಪಿಕ್ಸೆಲ್. ಭಾಗಿಸಿದರೆ ಏಳೂವರೆ ಮೀಟರ್ ಸಿಗುತ್ತದೆ. ಅದಕ್ಕಿಂತ ಅಗಲದ ಜಾಗ ಚಿತ್ರದೊಳಗೆ ಬಂದರೆ ಮುಖ ಮಸುಕು. ಸಾಮಾನ್ಯವಾಗಿ ಹಾಕುವ 2.8 ಮಿಲಿಮೀಟರ್ ಲೆನ್ಸ್ ತುಂಬಾ ಅಗಲ ನೋಡುತ್ತದೆ. ಹತ್ತು ಮೀಟರ್ ದೂರದಲ್ಲಿ ಸುಮಾರು 24 ಮೀಟರ್ ಅಗಲ. ಅಲ್ಲಿ ಮೀಟರಿಗೆ 80 ಪಿಕ್ಸೆಲ್ ಮಾತ್ರ. ಒಬ್ಬ ಮನುಷ್ಯ ನಡೆದ ಎಂದು ತಿಳಿಯುತ್ತದೆ, ಯಾರೆಂದು ತಿಳಿಯುವುದಿಲ್ಲ. ಅದೇ ಕ್ಯಾಮೆರಾಕ್ಕೆ 6 ಮಿಲಿಮೀಟರ್ ಲೆನ್ಸ್ ಇದ್ದರೆ ನೋಟ ಕಿರಿದಾಗುತ್ತದೆ, ಎಂಟು ಮೀಟರ್ ದೂರದವರೆಗೂ ಮುಖ ಸ್ಪಷ್ಟವಾಗಿ ಸಿಗುತ್ತದೆ. ಎರಡರ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಲೆನ್ಸ್ ಬಗ್ಗೆ ಕೇಳದೆ ದರಪಟ್ಟಿಗೆ ಒಪ್ಪಿಗೆ ಕೊಡಬೇಡಿ.

ಕಾಗದದ ಲೆಕ್ಕವನ್ನು ನಂಬದೆ ನಾನೊಂದು ಹಟ ಹಿಡಿದೆ. ಒಂದು ಕ್ಯಾಮೆರಾ ತಂದು ಸಂಜೆ ಹೊತ್ತಿನಲ್ಲಿ ತಾತ್ಕಾಲಿಕವಾಗಿ ಕಟ್ಟಿ ತೋರಿಸಬೇಕು, ಅದಕ್ಕೆ ಬೇಕಾದರೆ ದಿನದ ಕೂಲಿ ಕೊಡುತ್ತೇನೆ ಎಂದೆ. 800 ರೂಪಾಯಿ ತೆಗೆದುಕೊಂಡರು. ಇಡೀ ವ್ಯವಹಾರದಲ್ಲಿ ಅಷ್ಟು ಸಾರ್ಥಕವಾದ ಖರ್ಚು ಬೇರೊಂದಿಲ್ಲ.

ಸಂಜೆ ಏಳು ಗಂಟೆ. ಗೋದಾಮಿನ ಬಾಗಿಲ ಮೇಲೆ ಹನ್ನೆರಡು ಅಡಿ ಎತ್ತರದಲ್ಲಿ ಕ್ಯಾಮೆರಾ ಕಟ್ಟಿದೆವು. ಕಳ್ಳರ ಕೈಗೆ ಸಿಗದಷ್ಟು ಎತ್ತರ ಬೇಕೆಂಬುದು ಎಲ್ಲರ ಮಾತು. ನೆಲದ ಮೇಲೆ ಎರಡೆರಡು ಮೀಟರಿಗೆ ಸುಣ್ಣದ ಗೆರೆ ಎಳೆದು, ಚಿಕ್ಕಪ್ಪನ ಮಗ ನಡೆದು ಬಂದ. ಮುಖ ಸ್ಪಷ್ಟವಾಗಿತ್ತು. ಸರಿ ಎಂದು ಎಲ್ಲರೂ ತಲೆಯಾಡಿಸುತ್ತಿದ್ದಾಗ, ಮೂಲೆಯಲ್ಲಿ ಕುಳಿತಿದ್ದ ಹಿರಿಯ ಹಮಾಲಿ ಎದ್ದು ಬಂದರು. ಆ ಬೀಗದ ಕೈಯ ದಿನದಿಂದ ಅವರು ನನ್ನೊಂದಿಗೆ ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚು ಆಡಿರಲಿಲ್ಲ.

"ಅಮ್ಮಾ, ಬರಿಗೈಯಲ್ಲಿ ನಡೆದರೆ ಮುಖ ಕಾಣುತ್ತದೆ. ಚೀಲ ಹೊತ್ತವನ ಮುಖ ಕಾಣುವುದಿಲ್ಲ."

ಒಂದು ಚೀಲವನ್ನು ಬೆನ್ನಿಗೇರಿಸಿಕೊಂಡು ಅವರೇ ನಡೆದರು. ಪರದೆಯ ಮೇಲೆ ನಡೆದು ಬಂದದ್ದು ಒಂದು ಚೀಲ, ಅದರ ಕೆಳಗೆ ಎರಡು ಕಾಲು. ಮನುಷ್ಯನೇ ಇರಲಿಲ್ಲ. ಅರವತ್ತು, ಎಪ್ಪತ್ತು ಕೆಜಿ ಹೊತ್ತವರು ತಲೆಯನ್ನು ನೆಲಕ್ಕೆ ಬಗ್ಗಿಸಿಯೇ ನಡೆಯುತ್ತಾರೆ. ನಲವತ್ತು ವರ್ಷ ಹಾಗೆ ನಡೆದವರಿಗಲ್ಲದೆ ಇನ್ಯಾರಿಗೆ ಅದು ಹೊಳೆಯಬೇಕು?

"ಹಾಗಾದರೆ ಎಲ್ಲಿ ಇಡಬೇಕು?" ಎಂದು ಕೇಳಿದೆ.

ಅವರು ತೂಕದ ಯಂತ್ರದ ಬಳಿ ಹೋಗಿ ನಿಂತರು. "ಚೀಲ ಇಳಿಸಿದ ಮೇಲೆ ಯಾರಾದರೂ ಒಮ್ಮೆ ಬೆನ್ನು ನೆಟ್ಟಗೆ ಮಾಡಿ ಮುಖ ಎತ್ತಲೇಬೇಕು. ಇಲ್ಲಿ, ಮನುಷ್ಯನ ಎತ್ತರಕ್ಕೆ ಇಡಿ. ಬಾಗಿಲಿಗೆ ಬೇಕಾದರೆ ಒಳಗಿನಿಂದ ಇಡಿ. ಚೀಲ ಎತ್ತುವ ಮುಂಚೆ ಎಲ್ಲರ ಮುಖವೂ ನೆಟ್ಟಗೆ ಇರುತ್ತದೆ."

ಹನ್ನೆರಡು ಕ್ಯಾಮೆರಾದ ಪಟ್ಟಿ ಆ ರಾತ್ರಿ ಎಂಟಕ್ಕೆ ಇಳಿಯಿತು. ಗೇಟಿಗೆ ಎರಡು, ಒಂದು ಮುಖಕ್ಕೆ, ಇನ್ನೊಂದು ವಾಹನದ ಸಂಖ್ಯೆಗೆ ಮಾತ್ರ. ತೂಕದ ಯಂತ್ರಕ್ಕೆ ಒಂದು, ಏಳಡಿ ಎತ್ತರದಲ್ಲಿ, ಯಂತ್ರದ ಅಂಕಿಯೂ ಚೀಲದ ಗುರುತೂ ಹೊತ್ತವರ ಮುಖವೂ ಸಿಗುವಂತೆ. ಗೋದಾಮಿನ ಒಳಗೆ ಎರಡು. ಗಲ್ಲಾಕ್ಕೆ ಒಂದು. ಆರಿಸುವ ಶೆಡ್ಡಿಗೆ ಎರಡು. ಸಂಖ್ಯೆ ಓದುವ ಕ್ಯಾಮೆರಾ ಬೇರೆಯೇ ಇರಬೇಕು ಎಂಬುದನ್ನು ನೆನಪಿಡಿ. ಅದರ ಶಟರ್ ವೇಗ, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಒಳಬಿಡುವ ಹೊತ್ತು, ಸೆಕೆಂಡಿನ ಐನೂರನೇ ಒಂದು ಭಾಗಕ್ಕಿಂತ ನಿಧಾನವಿರದಂತೆ ಹೊಂದಿಸುತ್ತಾರೆ. ಆಗ ರಾತ್ರಿ ಸುತ್ತಲಿನದೆಲ್ಲ ಕಪ್ಪಾಗಿ ಅಕ್ಷರ ಮಾತ್ರ ಉಳಿಯುತ್ತದೆ. ಅದರಲ್ಲಿ ಮುಖ ಹುಡುಕಿದರೆ ಸಿಗುವುದಿಲ್ಲ.

ಶೆಡ್ಡಿನ ವಿಷಯದಲ್ಲಿ ನಾನು ಎಡವಿದೆ. ಅಡಿಕೆ ಆರಿಸುವವರು ಹೆಚ್ಚಿನವರು ಹೆಂಗಸರು. ಕ್ಯಾಮೆರಾ ಬರುತ್ತದೆಂದು ನಾನು ಅವರಿಗೆ ಹೇಳಿರಲಿಲ್ಲ, ಹೇಳಬೇಕೆಂದೂ ಅನ್ನಿಸಿರಲಿಲ್ಲ. ಗೋಡೆಗೆ ಗುರುತು ಹಾಕಿದ ದಿನ ಅವರಲ್ಲಿ ಹಿರಿಯರೊಬ್ಬರು ಬಂದು, "ಅಕ್ಕಾ, ನಾವು ಇಲ್ಲೇ ಊಟ ಮಾಡುತ್ತೇವೆ, ಇಲ್ಲೇ ಸೀರೆ ಬದಲಿಸಿ ಕೆಲಸದ ಬಟ್ಟೆ ಹಾಕಿಕೊಳ್ಳುತ್ತೇವೆ. ಮೊಬೈಲಿನಲ್ಲಿ ಯಾರು ನೋಡುತ್ತಾರೆ?" ಎಂದು ಕೇಳಿದರು. ನಾನೂ ಹೆಣ್ಣು, ಈ ಪ್ರಶ್ನೆ ನನ್ನಿಂದಲೇ ಮೊದಲು ಬರಬೇಕಿತ್ತು. ಆ ಗುರುತು ಅಳಿಸಿದೆವು. ಈಗ ಶೆಡ್ಡಿನ ಎರಡು ಕ್ಯಾಮೆರಾಗಳೂ ಹೊರಬಾಗಿಲು ಮತ್ತು ಒಣಗಿಸುವ ಅಂಗಳವನ್ನು ಮಾತ್ರ ನೋಡುತ್ತವೆ. ಒಳಗೆ ಒಂದೂ ಇಲ್ಲ. ಪಕ್ಕದ ಮನೆಯವರ ಬಾವಿಕಟ್ಟೆ ಚಿತ್ರದ ಮೂಲೆಯಲ್ಲಿ ಬರುತ್ತಿತ್ತು. ಆ ಭಾಗವನ್ನು ಕಪ್ಪು ಮಾಡಿ ಮುಚ್ಚುವ ಸೌಲಭ್ಯ ಹೆಚ್ಚಿನ ಕ್ಯಾಮೆರಾಗಳಲ್ಲಿ ಇರುತ್ತದೆ, ಕೇಳಿ ಮಾಡಿಸಿಕೊಳ್ಳಬೇಕು. ಎಲ್ಲ ಕ್ಯಾಮೆರಾಗಳ ಮೈಕ್ ಬಂದ್ ಮಾಡಿದ್ದೇವೆ. ಕ್ಯಾಮೆರಾ ಎಲ್ಲಿ ಇದೆ, ದೃಶ್ಯವನ್ನು ಯಾರು ನೋಡಬಹುದು, ಎಷ್ಟು ದಿನ ಉಳಿಯುತ್ತದೆ ಎಂದು ಕನ್ನಡದಲ್ಲಿ ಬರೆದು ಗೇಟಿಗೂ ಶೆಡ್ಡಿಗೂ ಅಂಟಿಸಿದ್ದೇವೆ.

ಇನ್ನು ಎಷ್ಟು ದಿನ ಉಳಿಯುತ್ತದೆ ಎಂಬ ಮಾತು. ಊರಿನವರು 1 ಟಿಬಿ ಡಿಸ್ಕ್ ಒಂದು ತಿಂಗಳಿಗೆ ಸಾಕು ಎಂದಿದ್ದರು. ತಂತ್ರಜ್ಞ ಹುಡುಗ ಲೆಕ್ಕ ಮಾಡಿ ತೋರಿಸಿದ. ನಾಲ್ಕು ಮೆಗಾಪಿಕ್ಸೆಲ್ ಕ್ಯಾಮೆರಾ ಎಚ್.265 ಎಂಬ ದೃಶ್ಯ ಕುಗ್ಗಿಸುವ ವಿಧಾನದಲ್ಲಿ ಸೆಕೆಂಡಿಗೆ 15 ಚಿತ್ರದಂತೆ ಸುಮಾರು 3 ಎಂಬಿಪಿಎಸ್ (ಸೆಕೆಂಡಿಗೆ 3 ಮೆಗಾಬಿಟ್) ಬಳಸಿದರೆ ದಿನಕ್ಕೆ 32 ಜಿಬಿ ಆಗುತ್ತದೆ. ಎಂಟು ಕ್ಯಾಮೆರಾಗಳಿಗೆ 259 ಜಿಬಿ. ಅಂದರೆ 1 ಟಿಬಿ ನಾಲ್ಕು ದಿನವೂ ಬರುವುದಿಲ್ಲ. ಮೂವತ್ತು ದಿನ ಬೇಕಾದರೆ 8 ಟಿಬಿ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಒಮ್ಮೆಗೆ ನೂರು ಜನ ಅಥವಾ ದಿನಕ್ಕೆ ಐನೂರು ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಹಾಕಿಸಿ ಮೂವತ್ತು ದಿನದ ದೃಶ್ಯ ಉಳಿಸಿಕೊಳ್ಳಬೇಕು. ನಮ್ಮದು ಅಷ್ಟು ದೊಡ್ಡ ಜಾಗವಲ್ಲ. ಆದರೂ ನಾವು ದಾಸ್ತಾನು ತಾಳೆ ನೋಡುವುದೇ ತಿಂಗಳಿಗೊಮ್ಮೆ. ಕೊರತೆ ಕಂಡ ದಿನಕ್ಕೆ ಹಿಂದಿನ ತಿಂಗಳ ದೃಶ್ಯ ಅಳಿಸಿಹೋಗಿದ್ದರೆ ಏನು ಪ್ರಯೋಜನ? ಡಿಸ್ಕಿಗೇ 19,000 ರೂಪಾಯಿ ಆಯಿತು. ಇದರಲ್ಲಿ ಉಳಿತಾಯ ಮಾಡಬೇಡಿ. ಕಂಪ್ಯೂಟರಿನ ಮಾಮೂಲಿ ಡಿಸ್ಕ್ ಬೇಡ, ಹಗಲು ರಾತ್ರಿ ಬರೆಯುತ್ತಲೇ ಇರುವ ಕೆಲಸಕ್ಕೆಂದು ಮಾಡಿದ್ದನ್ನೇ ಕೇಳಿ.

ಮಾರ್ಚ್ ಕೊನೆಗೆ ಮತ್ತೊಂದು ಆಸೆ ಎದುರಾಯಿತು. ಇನ್ನೊಬ್ಬ ವ್ಯಾಪಾರಿ ಅರ್ಧ ಬೆಲೆಗೆ ಕ್ಯಾಮೆರಾ ಕೊಡುತ್ತೇನೆಂದು ಫೋನ್ ಮಾಡಿದ. ಏಕೆ ಇಷ್ಟು ಅಗ್ಗ ಎಂದು ವಿಚಾರಿಸಿದಾಗ ತಿಳಿಯಿತು: 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರದ ಹೊಸ ಸುರಕ್ಷತಾ ನಿಯಮ ಜಾರಿಯಾಗುತ್ತಿತ್ತು. ಕ್ಯಾಮೆರಾದ ಯಂತ್ರಾಂಶ, ತಂತ್ರಾಂಶ ಎರಡೂ ಪರೀಕ್ಷೆಗೆ ಒಳಪಟ್ಟು ಪ್ರಮಾಣಪತ್ರ ಪಡೆದಿರಬೇಕು ಎಂಬ ನಿಯಮ. ಅಗ್ಗದ ಮಾಲು ಹಳೆಯ ದಾಸ್ತಾನು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾಗಳನ್ನೂ ಡಿವಿಆರ್‌ಗಳನ್ನೂ ಜಗತ್ತಿನಾದ್ಯಂತ ವಶಪಡಿಸಿಕೊಂಡು, ಅಮೆರಿಕದ ದೊಡ್ಡ ಜಾಲತಾಣಗಳನ್ನೇ ಗಂಟೆಗಟ್ಟಲೆ ಕೆಡವಿತ್ತು. ನಮ್ಮ ಪಾಸ್‌ವರ್ಡ್ ಪರರ ಬಳಿ ಇದ್ದುದನ್ನು ಅನುಭವಿಸಿದ ನನಗೆ ಅಗ್ಗದ ಮಾಲು ಬೇಡವೆನ್ನಿಸಿತು. ಎರಡು ತಿಂಗಳು ಕಾದು, ಪ್ರಮಾಣಪತ್ರದ ಪ್ರತಿ ಕೇಳಿ, ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆ ಅದರಲ್ಲಿ ಇದೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ ತೆಗೆದುಕೊಂಡೆವು. ಕಾಯುವ ಆ ಎರಡು ತಿಂಗಳು ರಾತ್ರಿ ಚಿಕ್ಕಪ್ಪ ಮಂಡಿಯಲ್ಲೇ ಮಲಗಿದರು.

ನಡುವೆ ಏಪ್ರಿಲ್ ಕೊನೆಯ ವಾರ ಸಿಡಿಲು ಬಂತು. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ; ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಫೋನು, ಟಿವಿ, ಪಂಪ್‌ಸೆಟ್ಟು ಸುಡುವುದು ಪ್ರತಿವರ್ಷದ ಮಾತು. ಗೋದಾಮಿನಿಂದ ಶೆಡ್ಡಿಗೆ ಪ್ರಯೋಗಕ್ಕೆಂದು ಎಳೆದಿದ್ದ ತಾಮ್ರದ ಕೇಬಲ್ ಮೂಲಕ ಹೊಡೆತ ಬಂದು 3,400 ರೂಪಾಯಿಯ ಸ್ವಿಚ್ (ಕ್ಯಾಮೆರಾಗಳ ಕೇಬಲ್ ಬಂದು ಸೇರುವ ಪೆಟ್ಟಿಗೆ) ಸುಟ್ಟುಹೋಯಿತು. ಸಿಡಿಲು ನೇರ ಬಡಿದಿರಲಿಲ್ಲ, ಎಲ್ಲೋ ತೋಟದಲ್ಲಿ ಬಿದ್ದಿತ್ತು. ಆಮೇಲೆ ಗೊತ್ತಾಯಿತು, ಆ ಕೇಬಲ್ ಹೇಗೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಕ್ಯಾಟ್6 ಎಂಬ ಆ ಬಗೆಯ ತಾಮ್ರದ ಕೇಬಲ್ಲಿನ ಮಿತಿ ನೂರು ಮೀಟರ್, ನಮ್ಮ ಶೆಡ್ಡು ನೂರ ನಲವತ್ತು ಮೀಟರ್ ದೂರ. ದರಪಟ್ಟಿ ಕೊಟ್ಟವರು ಟೇಪ್ ಹಿಡಿದು ಅಳೆದಿರಲಿಲ್ಲ.

ಪರಿಹಾರ ನಮ್ಮ ಓಣಿಯಲ್ಲೇ ಇತ್ತು. ಕೇಬಲ್ ಟಿವಿ ಮತ್ತು ಇಂಟರ್ನೆಟ್ ಜೋಡಿಸುವ ಹುಡುಗ ಬಂದು ನೋಡಿ, ಫೈಬರ್ ಎಳೆಯೋಣ ಎಂದ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಶೆಡ್ಡಿನ ಕಡೆ ಸಿಡಿಲಿನ ಹೊಡೆತ ಬಂದರೂ ಗೋದಾಮಿನ ಯಂತ್ರಗಳಿಗೆ ಆ ದಾರಿಯಲ್ಲಿ ದಾಟದು. ಒಂದು ಎಚ್ಚರಿಕೆಯನ್ನೂ ಅವನೇ ಹೇಳಿದ: ಸಾಮಾನ್ಯ ಫೈಬರ್ ಕೇಬಲ್ಲಿನಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ, ಅದಿದ್ದರೆ ಫೈಬರ್ ಹಾಕಿಯೂ ವ್ಯರ್ಥ. ಲೋಹವಿಲ್ಲದ್ದನ್ನು ತರಿಸಿಕೊಂಡೆವು. ಫೈಬರನ್ನು ತಾಮ್ರದ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಎರಡು ತುದಿಗೂ ಸೇರಿ 6,000 ರೂಪಾಯಿ. ಹಳೆಯ ಅರ್ಥಿಂಗ್ ಗುಂಡಿಯನ್ನು ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಪರೀಕ್ಷಿಸಿದಾಗ ಅದು ಹೆಸರಿಗೆ ಮಾತ್ರ ಇತ್ತು. ಇದ್ದಿಲು, ಉಪ್ಪು ಹಾಕಿ ಹೊಸ ಗುಂಡಿ ಮಾಡಿಸಿ, ಸರ್ಜ್ (ವಿದ್ಯುತ್ತಿನ ದಿಢೀರ್ ಹೊಡೆತ) ತಡೆಯುವ ಸಾಧನ ಕೂರಿಸಲು 8,500 ರೂಪಾಯಿ. ಯಾವ ದರಪಟ್ಟಿಯಲ್ಲೂ ಈ ಎರಡು ಬಾಬ್ತು ಇರಲಿಲ್ಲ.

ಮೇ ಮೂರನೆಯ ವಾರ ಕೆಲಸ ನಡೆಯಿತು. ಮೂರು ದಿನವೆಂದದ್ದು ಎಂಟು ದಿನವಾಯಿತು. ಹೊರಗೆ ಬಿಟ್ಟ ಕೇಬಲ್ಲನ್ನು ಮಂಗಗಳು ಕಿತ್ತು ಹಾಕುತ್ತವೆಂದು ಎಲ್ಲವನ್ನೂ ಪೈಪಿನೊಳಗೆ ಎಳೆಸಿದೆ. ಕ್ಯಾಮೆರಾದ ಕೇಬಲ್ ಜೋಡಣೆಗಳೆಲ್ಲ ಮುಚ್ಚಿದ ಡಬ್ಬಿಯೊಳಗೆ ಇರಬೇಕು, ಡಬ್ಬಿಗೆ ಹೋಗುವ ಕೇಬಲ್ ಮೊದಲು ಕೆಳಗಿಳಿದು ಆಮೇಲೆ ಮೇಲೇರಬೇಕು; ಆಗ ಮಳೆನೀರು ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಹರಿಯುವುದಿಲ್ಲ. ಇದನ್ನು ನಿಂತು ನೋಡಿ ಮಾಡಿಸಿ. ನಮ್ಮಲ್ಲಿ ಎರಡು ಕ್ಯಾಮೆರಾಗಳಿಗೆ ಹಾಗೆ ಮಾಡಿರಲಿಲ್ಲ, ಜೂನ್ ಮೊದಲ ವಾರದಲ್ಲೇ ಒಂದು ಕಣ್ಣು ಮುಚ್ಚಿತು. ಎನ್‌ವಿಆರ್ ಮತ್ತು ಸ್ವಿಚ್ ಮಂಡಿಯ ಇನ್ವರ್ಟರಿಗೆ ಸೇರಿವೆ. ಎಲ್ಲ ಸೇರಿ ನೂರು ವಾಟಿನೊಳಗೆ, 150 ಎಎಚ್ ಬ್ಯಾಟರಿಯಲ್ಲಿ ಇಡೀ ರಾತ್ರಿ ನಡೆಯುತ್ತವೆ. ಶೆಡ್ಡಿಗೆ ಬೇರೆ ಚಿಕ್ಕ ಯುಪಿಎಸ್.

ಒಟ್ಟು ಖರ್ಚು, ತೆರಿಗೆ ಸೇರಿ: ಎಂಟು ಕ್ಯಾಮೆರಾ 28,800, ಎನ್‌ವಿಆರ್ 6,500, ಡಿಸ್ಕ್ 19,000, ಎರಡು ಸ್ವಿಚ್ 7,200, ಕೇಬಲ್, ಪೈಪ್, ಡಬ್ಬಿ 11,500, ಫೈಬರ್ 6,000, ಅರ್ಥಿಂಗ್ 8,500, ಶೆಡ್ಡಿನ ಯುಪಿಎಸ್ 4,000, ಕೂಲಿ 9,000. ಕೂಡಿದರೆ 1,00,500 ರೂಪಾಯಿ. ಕಳೆದುಹೋದ ಮಾಲಿನಷ್ಟೇ. ಕ್ಯಾಮೆರಾಗಳ ಬೆಲೆ ಒಟ್ಟು ಖರ್ಚಿನ ಮೂರನೇ ಒಂದು ಭಾಗವೂ ಇಲ್ಲ ಎಂಬುದನ್ನು ಗಮನಿಸಿ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಬರೆಸುವುದನ್ನು ಮರೆಯಬೇಡಿ.

ಹಣದ ಕೊನೆಯ ಕಂತು ಕೊಡುವ ಮೊದಲು ನಾನು ಮೂರು ಕೆಲಸ ಮಾಡಿಸಿಕೊಂಡೆ. ಪಾಸ್‌ವರ್ಡ್‌ಗಳನ್ನು ನಾನೇ ಟೈಪ್ ಮಾಡಿದೆ, ಕಾಗದದಲ್ಲಿ ಬರೆದು ಲಕೋಟೆಯಲ್ಲಿಟ್ಟು ತಿಜೋರಿಗೆ ಹಾಕಿದೆ. ಆ್ಯಪ್ ನನ್ನ ಫೋನಿಗೇ ನೋಂದಣಿಯಾಯಿತು. ಎರಡನೆಯದು, ಗಡಿಯಾರ ಇಂಟರ್ನೆಟ್ಟಿನಿಂದ ತಾನಾಗಿ ಸರಿಹೋಗುವಂತೆ ಹೊಂದಿಸಿದರು. ಮೂರನೆಯದು, ಒಂದು ದೃಶ್ಯವನ್ನು ಪೆನ್‌ಡ್ರೈವಿಗೆ ನಾನೇ ತೆಗೆದು ನೋಡಿದೆ. ಠಾಣೆಗೆ ಕೊಡುವ ಹೊತ್ತು ಬಂದರೆ ಟಿವಿಯ ಮುಂದೆ ಮೊಬೈಲ್ ಹಿಡಿದು ತೆಗೆದ ವಿಡಿಯೊವನ್ನು ನೆಚ್ಚಿಕೊಳ್ಳಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಇಂತಹ ವಿದ್ಯುನ್ಮಾನ ದಾಖಲೆಯ ಜೊತೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ, ಒಂದನ್ನು ಕೊಡುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ತುಸು ಬದಲಾದರೂ ಬೇರೆಯಾಗುವ ಗುರುತಿನ ಸಂಖ್ಯೆ) ಬರೆಯಬೇಕು. ಮೂಲ ಕಡತವನ್ನು ಮುಟ್ಟದೆ, ಆ ಭಾಗ ಅಳಿಸದಂತೆ ಲಾಕ್ ಮಾಡಿಟ್ಟು, ವಕೀಲರನ್ನು ಕೇಳಿ ಮುಂದುವರಿಯುವುದು ಒಳ್ಳೆಯದು.

ಮಳೆಗಾಲದ ಒಂದು ತೊಂದರೆ ಯಾರೂ ಹೇಳಿರಲಿಲ್ಲ. ಕ್ಯಾಮೆರಾದ ರಾತ್ರಿ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಗಾಜಿನ ಮುಂದೆ ಬಲೆ ಕಟ್ಟುತ್ತದೆ. ರಾತ್ರಿ ಚಿತ್ರದಲ್ಲಿ ಆ ಬಲೆ ಬಿಳಿಯ ಪರದೆಯಂತೆ ಅಲ್ಲಾಡುತ್ತದೆ, ಮೊಬೈಲಿಗೆ ರಾತ್ರಿಯಿಡೀ ಎಚ್ಚರಿಕೆಯ ಸಂದೇಶ. ಕ್ಯಾಮೆರಾದಿಂದ ನಾಲ್ಕೈದು ಅಡಿ ದೂರದಲ್ಲಿ ಬೇರೆ ಬಲ್ಬು ಹಾಕಿದ ಮೇಲೆ ಕಡಿಮೆಯಾಗಿದೆ. ಪ್ರತಿ ಸೋಮವಾರ ಉದ್ದನೆಯ ಕೋಲಿಗೆ ಬಟ್ಟೆ ಕಟ್ಟಿ ಒರೆಸುತ್ತೇವೆ. ಅಡಿಕೆ ಸಿಪ್ಪೆಯ ಧೂಳಿಗೂ ಅದೇ ಮದ್ದು.

ಪ್ರತಿ ತಿಂಗಳ ಒಂದನೇ ತಾರೀಕು ಹಿಂದಿನ ತಿಂಗಳಿನ ಯಾವುದೋ ಒಂದು ದಿನ ಆರಿಸಿ ಐದು ನಿಮಿಷದ ದೃಶ್ಯ ತೆರೆದು ನೋಡುತ್ತೇನೆ. ಪಕ್ಕದಲ್ಲಿ ಹಿರಿಯ ಹಮಾಲಿಯವರನ್ನು ಕೂರಿಸಿಕೊಳ್ಳುತ್ತೇನೆ. ಗೋದಾಮಿನ ಬೀಗದ ಕೈಯನ್ನು ಮೇ ತಿಂಗಳಲ್ಲೇ ಅವರಿಗೆ ಹಿಂದಿರುಗಿಸಿದ್ದೇನೆ. ಕ್ಷಮೆ ಕೇಳಲು ಬಾಯಿ ತೆರೆದಾಗ ಅವರು ಬೇಡವೆಂಬಂತೆ ಕೈ ಅಲ್ಲಾಡಿಸಿ ಚೀಲದ ರಾಶಿಯ ಕಡೆ ನಡೆದರು.

ಜೂನ್ 24ರಂದು ರೈತರೊಬ್ಬರು ತಾವು ಹನ್ನೊಂದು ಚೀಲ ತಂದದ್ದು, ಚೀಟಿಯಲ್ಲಿ ಹತ್ತೇ ಇದೆ ಎಂದು ಬಂದರು. ಅವರು ಮಾಲು ತಂದದ್ದು ಹದಿನಾಲ್ಕು ದಿನ ಹಿಂದೆ. ಅವರು, ನಾನು, ಹಿರಿಯ ಹಮಾಲಿ ಮೂವರೂ ಕುಳಿತು ತೂಕದ ಯಂತ್ರದ ಕ್ಯಾಮೆರಾ ತೆರೆದೆವು. ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು. ಏಳನೆಯ ಚೀಲ ತೂಕವಾಗುವಾಗ ಬರೆಯುವ ಹುಡುಗನಿಗೆ ಫೋನ್ ಬಂದಿತ್ತು; ಅವನು ತಿರುಗಿದ್ದಾನೆ, ಚೀಲ ಇಳಿದು ಒಳಗೆ ಹೋಗಿದೆ, ಪುಸ್ತಕಕ್ಕೆ ಏರಿಲ್ಲ. ಹನ್ನೊಂದೇ. ಯಂತ್ರದ ಮೇಲಿನ ತೂಕವೂ ಚಿತ್ರದಲ್ಲಿ ಸ್ಪಷ್ಟವಾಗಿತ್ತು. ರೈತರಿಗೆ ಆ ಹಣ ಅಂದೇ ಕೊಟ್ಟೆವು.

ಅವರು ಹೋದ ಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದೆವು. ಪುಸ್ತಕಕ್ಕೆ ಏರದೆ ಒಂದು ಚೀಲ ಒಳಗೆ ಹೋಗಬಹುದಾದರೆ, ಒಳಗೆ ಬಾರದ ಚೀಲವೂ ಪುಸ್ತಕಕ್ಕೆ ಏರಬಹುದು. ಫೆಬ್ರುವರಿಯ ಆ ಮೂರು ಚೀಲ ಇಂದಿಗೂ ಸಿಕ್ಕಿಲ್ಲ, ಆ ಗೂಡ್ಸ್ ಆಟೋ ಯಾರದೆಂದೂ ಗೊತ್ತಾಗಿಲ್ಲ. ಆ ಕಾಲದ ದೃಶ್ಯ ನಮ್ಮ ಬಳಿ ಇಲ್ಲ, ಚೀಟಿಗಳು ಇವೆ. ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ಚೀಟಿಗಳ ಕಟ್ಟನ್ನು ಬಿಚ್ಚಿ, ಒಂದೊಂದನ್ನೇ ಆವಕ ಪುಸ್ತಕದೊಂದಿಗೆ ತಾಳೆ ನೋಡುತ್ತಿದ್ದೇವೆ. ಅವರು ಚೀಲದ ಗುರುತು ಓದುತ್ತಾರೆ, ನಾನು ಪುಸ್ತಕದಲ್ಲಿ ಗೀಟು ಹಾಕುತ್ತೇನೆ. ನಿನ್ನೆಯವರೆಗೆ ಜನವರಿ 22ರ ತನಕ ಮುಗಿದಿದೆ.